ಮನೆಯಲ್ಲೇ ಬಟ್ಟೆ ಸೋಪು: ನೀರಿನ ಪರೀಕ್ಷೆಯಿಂದ ಒಗೆದ ನೀರು ಚೆಲ್ಲುವ ತನಕ

ಮನೆಯಲ್ಲಿ ಮಾಡಿದ ಸೋಪಿನಿಂದ ಬಟ್ಟೆ ಒಗೆಯಲು ಶುರು ಮಾಡಿ ಮೂರು ತಿಂಗಳಾಗಿತ್ತು. ಟವೆಲ್‌ಗಳು ಹಲಗೆಯ ಹಾಗೆ ಬಿರುಸಾದವು. ಬಿಳಿ ಬಟ್ಟೆ ಬೂದಿ ಬಣ್ಣಕ್ಕೆ ತಿರುಗಿತು. ಸೋಪು ಸಾಲುತ್ತಿಲ್ಲವೇನೋ ಎಂದುಕೊಂಡು ಇನ್ನೂ ಜಾಸ್ತಿ ಹಾಕಿದೆ. ಬಟ್ಟೆ ಇನ್ನೂ ಹಾಳಾಯಿತು. ಕಾರಣ ಗೊತ್ತಾಗಲು ತಡವಾಯಿತು: ನಮ್ಮ ನೀರು ಗಡಸು. ಸೋಪು ಮಾಡುವುದನ್ನು ಚೆನ್ನಾಗಿ ಕಲಿತಿದ್ದೆ, ನೀರನ್ನು ಮಾತ್ರ ಒಮ್ಮೆಯೂ ಪರೀಕ್ಷೆ ಮಾಡಿರಲಿಲ್ಲ.

ಅದಕ್ಕೇ ಈ ಮಾರ್ಗದರ್ಶಿಯನ್ನು ಎಣ್ಣೆಯಿಂದ ಶುರು ಮಾಡುವುದಿಲ್ಲ, ನೀರಿನಿಂದ ಶುರು ಮಾಡುತ್ತೇನೆ.

ಮೊದಲು ನಿಮ್ಮ ನೀರು ನೋಡಿ

ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕರಗಿರುತ್ತವೆ. ಸೋಪು ಇವುಗಳ ಜೊತೆ ಸೇರಿದ ಕೂಡಲೇ ನೀರಲ್ಲಿ ಕರಗದ ಅಂಟಂಟು ಬಿಳಿ ಗಸಿಯಾಗುತ್ತದೆ. ಬಕೆಟ್ಟಿನ ಅಂಚಿನಲ್ಲಿ ಕೂರುವ ಜಿಡ್ಡಿನ ಗೆರೆ ಇದೇ. ಬಟ್ಟೆಯ ನೂಲಿನ ಒಳಗೆ ಕೂತು ಬಿರುಸು ಮಾಡುವುದೂ ಇದೇ.

ಪರೀಕ್ಷೆ ಸುಲಭ. ಎರಡು ಪಾರದರ್ಶಕ ಬಾಟಲಿ ತೆಗೆದುಕೊಳ್ಳಿ. ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಡಿಸ್ಟಿಲ್ಡ್ ವಾಟರ್ ಅಥವಾ ಶುದ್ಧವಾಗಿ ಹಿಡಿದ ಮಳೆ ನೀರು ಅರ್ಧದಷ್ಟು ತುಂಬಿಸಿ. ಎರಡಕ್ಕೂ ಒಂದೇ ಅಳತೆಯ ಸೋಪಿನ ತುರಿ ಹಾಕಿ ಚೆನ್ನಾಗಿ ಕುಲುಕಿ. ಡಿಟರ್ಜೆಂಟ್ ಬಾರ್ ಬೇಡ, ನಿಜವಾದ ಸೋಪೇ ಬೇಕು. ಮೆದು ನೀರಿನಲ್ಲಿ ದಪ್ಪ ನೊರೆ ಬರುತ್ತದೆ, ಕೆಳಗಿನ ನೀರು ಸಾಕಷ್ಟು ತಿಳಿಯಾಗಿರುತ್ತದೆ. ಗಡಸು ನೀರಿನಲ್ಲಿ ನೊರೆ ಕಡಿಮೆ, ನೀರು ಹಾಲಿನಂತೆ ಕದಡಿ ಮೇಲೆ ಚೂರುಚೂರು ತೇಲುತ್ತದೆ.

ಸ್ವಲ್ಪ ಲೆಕ್ಕ ಹೇಳುತ್ತೇನೆ. ಲೀಟರಿಗೆ 300 ಮಿಲಿಗ್ರಾಂ ಗಡಸುತನ ಇರುವ ನೀರು 10 ಲೀಟರ್ ಇದೆ ಎಂದುಕೊಳ್ಳಿ. ಅದರಲ್ಲಿರುವ ಕ್ಯಾಲ್ಸಿಯಂ ಸುಮಾರು 13 ಗ್ರಾಂ ಸೋಪನ್ನು ಸುಮ್ನೆ ನುಂಗಿಬಿಡುತ್ತದೆ. ಅಷ್ಟು ಸೋಪು ಗಸಿಯಾದ ಮೇಲಷ್ಟೇ ಉಳಿದದ್ದು ಕೊಳೆ ತೆಗೆಯಲು ಶುರು ಮಾಡುತ್ತದೆ. ಅದೇ ಕ್ಯಾಲ್ಸಿಯಂ ಅನ್ನು ಮೊದಲೇ ಕಟ್ಟಿಹಾಕಲು ಸುಮಾರು 3 ಗ್ರಾಂ ವಾಷಿಂಗ್ ಸೋಡಾ, ಅಂದರೆ ಸೋಡಿಯಂ ಕಾರ್ಬೊನೇಟ್ ಪುಡಿ ಸಾಕು. ನನ್ನ ಟವೆಲ್ ಯಾಕೆ ಹಾಳಾಯಿತು ಎಂಬುದಕ್ಕೆ ಉತ್ತರ ಈ ಎರಡು ಅಂಕಿಗಳಲ್ಲೇ ಇದೆ.

ಸೋಪು ಅಂದರೆ ಏನು

ಎಣ್ಣೆಗೆ ಕಾಸ್ಟಿಕ್ ಸೋಡಾ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್ ಸೇರಿಸಿದರೆ ಎಣ್ಣೆ ಒಡೆದು ಸೋಪು ಮತ್ತು ಗ್ಲಿಸರಿನ್ ಆಗುತ್ತದೆ. ಎಲ್ಲ ಗಟ್ಟಿ ಸೋಪಿನ ಮೂಲವೂ ಇದೇ. "ಕಾಸ್ಟಿಕ್ ಇಲ್ಲದ ನೈಸರ್ಗಿಕ ಸೋಪು" ಎಂದು ಯಾರಾದರೂ ಹೇಳಿದರೆ, ಬೇರೆಯವರು ಈಗಾಗಲೇ ಕಾಸ್ಟಿಕ್ ಹಾಕಿ ಮಾಡಿದ ಸೋಪನ್ನು ಕರಗಿಸಿ ಮತ್ತೆ ಅಚ್ಚಿಗೆ ಹಾಕಿದ್ದಾರೆ ಎಂದೇ ಅರ್ಥ. ಅದರಲ್ಲಿ ತಪ್ಪಿಲ್ಲ. ಆದರೆ ಸತ್ಯ ಗೊತ್ತಿರಲಿ. ಸರಿಯಾದ ಅಳತೆಯಲ್ಲಿ ಮಾಡಿದ ಸೋಪಿನಲ್ಲಿ ಕಾಸ್ಟಿಕ್ ಉಳಿಯುವುದಿಲ್ಲ, ಎಲ್ಲವೂ ಎಣ್ಣೆಯ ಜೊತೆ ಸೇರಿ ಖರ್ಚಾಗುತ್ತದೆ.

ಬಟ್ಟೆಗೆ ನಾನು ತೆಂಗಿನೆಣ್ಣೆ ಒಂದನ್ನೇ ಬಳಸುತ್ತೇನೆ. ಅದರ ಸೋಪು ಗಟ್ಟಿ, ಕೊಳೆಯನ್ನು ಚೆನ್ನಾಗಿ ಬಿಡಿಸುತ್ತದೆ, ತಣ್ಣೀರಿನಲ್ಲೂ ಬೇಗ ಕರಗುತ್ತದೆ. ಮೈಗೆ ಹಚ್ಚುವ ಸೋಪಿನಲ್ಲಿ ಚರ್ಮ ಒಣಗದಿರಲಿ ಎಂದು ಸ್ವಲ್ಪ ಎಣ್ಣೆ ಜಾಸ್ತಿ ಬಿಡುತ್ತಾರೆ. ಬಟ್ಟೆ ಸೋಪಿಗೆ ಅದು ಬೇಡ, ಉಳಿದ ಎಣ್ಣೆ ಬಟ್ಟೆಗೆ ಅಂಟುತ್ತದೆ.

ಅಳತೆ

ತೆಂಗಿನೆಣ್ಣೆ 500 ಗ್ರಾಂ
ಕಾಸ್ಟಿಕ್ ಸೋಡಾ 90 ಗ್ರಾಂ
ಡಿಸ್ಟಿಲ್ಡ್ ವಾಟರ್ 200 ಗ್ರಾಂ

ಒಂದು ಗ್ರಾಂ ತೆಂಗಿನೆಣ್ಣೆ ಪೂರ್ತಿ ಸೋಪಾಗಲು ಸುಮಾರು 0.183 ಗ್ರಾಂ ಕಾಸ್ಟಿಕ್ ಬೇಕು. 500 ಗ್ರಾಂ ಎಣ್ಣೆಗೆ 91.5 ಗ್ರಾಂ ಆಗುತ್ತದೆ. ಅದರಲ್ಲಿ ಶೇಕಡಾ 2ರಷ್ಟು ಕಡಿಮೆ ಮಾಡಿ 90 ಇಟ್ಟಿದ್ದೇನೆ. ತಕ್ಕಡಿ ಒಂದು ಗ್ರಾಂ ಆಚೀಚೆ ಆದರೂ ಸೋಪಿನಲ್ಲಿ ಕಾಸ್ಟಿಕ್ ಉಳಿಯಬಾರದು, ಅದಕ್ಕೆ ಈ ಅಂತರ.

ಎಲ್ಲವನ್ನೂ ತೂಕದಲ್ಲೇ ಅಳೆಯಿರಿ, ನೀರನ್ನು ಕೂಡ. ಕಪ್, ಚಮಚದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬೇರೆ ಎಣ್ಣೆ ಬಳಸಿದರೆ ಕಾಸ್ಟಿಕ್ ಲೆಕ್ಕವೂ ಬದಲಾಗುತ್ತದೆ. ಉದಾಹರಣೆಗೆ ಆಲಿವ್ ಎಣ್ಣೆಗೆ ಗ್ರಾಂಗೆ ಸುಮಾರು 0.135 ಸಾಕು. ತೆಂಗಿನೆಣ್ಣೆಯ ಅಳತೆಯಲ್ಲೇ ಬೇರೆ ಎಣ್ಣೆ ಹಾಕಿದರೆ ಕೈ ಸುಡುವ ಸೋಪು ಬರುತ್ತದೆ.

ಕಾಸ್ಟಿಕ್ ಕೊಳ್ಳುವಾಗ ಡಬ್ಬಿಯ ಮೇಲೆ ಸೋಡಿಯಂ ಹೈಡ್ರಾಕ್ಸೈಡ್ ಬಿಟ್ಟು ಬೇರೇನೂ ಇಲ್ಲ ಎಂದು ಖಚಿತ ಮಾಡಿಕೊಳ್ಳಿ. ಚರಂಡಿ ಪೈಪು ಬಿಡಿಸುವ ಕೆಲವು ಪುಡಿಗಳಲ್ಲಿ ಅಲ್ಯೂಮಿನಿಯಂ ಚೂರುಗಳು ಬೆರೆತಿರುತ್ತವೆ. ಅವು ಸೋಪಿಗೆ ಬೇಡವೇ ಬೇಡ.

ಮೈ ಕೈ ಜೋಪಾನ

ಈ ಭಾಗವನ್ನು ಎರಡು ಸಲ ಓದಿ. ಕಾಸ್ಟಿಕ್ ಚರ್ಮವನ್ನು ಸುಡುತ್ತದೆ. ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು.

ಕಣ್ಣನ್ನು ಪೂರ್ತಿ ಮುಚ್ಚುವ ಗಾಗಲ್ಸ್, ಉದ್ದನೆಯ ರಬ್ಬರ್ ಗ್ಲೌಸ್, ತುಂಬು ತೋಳಿನ ಅಂಗಿ, ಮುಚ್ಚಿದ ಚಪ್ಪಲಿ ಬೇಕು. ಮಕ್ಕಳು, ಸಾಕುಪ್ರಾಣಿಗಳು ಆ ಕೋಣೆಯಲ್ಲಿ ಇರಬಾರದು. ಕಿಟಕಿ ತೆರೆದಿಡಿ. ಪಾತ್ರೆ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಬಿಸಿ ತಡೆಯುವ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಆಗಿರಲಿ. ಅಲ್ಯೂಮಿನಿಯಂ ಪಾತ್ರೆ ಖಂಡಿತ ಬೇಡ. ಕಾಸ್ಟಿಕ್ ಅದನ್ನು ತಿಂದು ಹೈಡ್ರೋಜನ್ ಅನಿಲ ಬಿಡುತ್ತದೆ, ಅದು ಬೆಂಕಿ ಹತ್ತುವ ಅನಿಲ. ಗಾಜು ಕೂಡ ಬೇಡ, ಬಿಸಿಗೆ ಒಡೆಯಬಹುದು. ಈ ಪಾತ್ರೆ, ಸೌಟು, ಬ್ಲೆಂಡರ್ ಸೋಪಿಗಷ್ಟೇ ಮೀಸಲು. ಅಡುಗೆಗೆ ಮತ್ತೆ ಬಳಸಬೇಡಿ.

ಮೈ ಮೇಲೆ ಬಿದ್ದರೆ ಹರಿಯುವ ತಣ್ಣೀರಿನಲ್ಲಿ 15ರಿಂದ 20 ನಿಮಿಷ ತೊಳೆಯಿರಿ. ಒದ್ದೆಯಾದ ಬಟ್ಟೆಯನ್ನು ತೆಗೆದುಹಾಕಿ. ವಿನೆಗರ್ ಹಚ್ಚಬೇಡಿ. ಆಮ್ಲ ಮತ್ತು ಕ್ಷಾರ ಸೇರಿದಾಗ ಬಿಸಿ ಹುಟ್ಟುತ್ತದೆ, ಗಾಯ ಇನ್ನೂ ಕೆಡುತ್ತದೆ. ಕಣ್ಣಿಗೆ ಬಿದ್ದರೆ ನೀರು ಹಾಕುತ್ತಲೇ ಇರಿ, ಡಾಕ್ಟರ ಬಳಿ ಹೋಗಿ.

ಸೋಪು ಮಾಡುವ ದಿನ

ಮೊದಲು ಅಚ್ಚು ತಯಾರಿಸಿಡಿ. ಸಿಲಿಕೋನ್ ಅಚ್ಚು ಒಳ್ಳೆಯದು. ಬೇಕಿಂಗ್ ಪೇಪರ್ ಹಾಸಿದ ಗಟ್ಟಿ ಡಬ್ಬಿಯೂ ಆಗುತ್ತದೆ.

ಆಮೇಲೆ ನೀರನ್ನು ಪಾತ್ರೆಗೆ ತೂಗಿ ಹಾಕಿ. ಕಾಸ್ಟಿಕ್ಕನ್ನು ಬೇರೆ ಒಣ ಡಬ್ಬಿಯಲ್ಲಿ ತೂಗಿ, ಸ್ವಲ್ಪ ಸ್ವಲ್ಪವೇ ನೀರಿಗೆ ಸುರಿಯುತ್ತಾ ಕಲಕಿ. ನೀರಿಗೆ ಕಾಸ್ಟಿಕ್ ಹಾಕಬೇಕು, ಕಾಸ್ಟಿಕ್ಕಿಗೆ ನೀರು ಯಾವತ್ತೂ ಹಾಕಬಾರದು. ಉಲ್ಟಾ ಮಾಡಿದರೆ ಒಮ್ಮೆಲೇ ಕುದಿದು ಮುಖಕ್ಕೆ ಸಿಡಿಯುತ್ತದೆ. ದ್ರಾವಣ ತಾನಾಗಿಯೇ 80 ಡಿಗ್ರಿ ಸೆಲ್ಸಿಯಸ್ ದಾಟಬಹುದು, ಹಬೆ ಏಳುತ್ತದೆ. ಆ ಹಬೆಯನ್ನು ಉಸಿರಾಡಬೇಡಿ. ಪೂರ್ತಿ ಕರಗಿ ತಿಳಿಯಾದ ಮೇಲೆ ಆರಲು ಬಿಡಿ.

ಅಷ್ಟರಲ್ಲಿ ಎಣ್ಣೆಯನ್ನು ಬೆಚ್ಚಗೆ ಮಾಡಿ. ಎಣ್ಣೆ ಮತ್ತು ಕಾಸ್ಟಿಕ್ ನೀರು ಎರಡೂ 40 ಡಿಗ್ರಿಯ ಆಸುಪಾಸಿಗೆ ಬಂದಾಗ, ಕಾಸ್ಟಿಕ್ ನೀರನ್ನು ನಿಧಾನಕ್ಕೆ ಎಣ್ಣೆಗೆ ಸುರಿಯಿರಿ. ಹ್ಯಾಂಡ್ ಬ್ಲೆಂಡರ್ ಅನ್ನು ಪೂರ್ತಿ ಮುಳುಗಿಸಿಟ್ಟು, ಕೆಲವು ಸೆಕೆಂಡ್ ಓಡಿಸಿ, ನಿಲ್ಲಿಸಿ, ಅದರಿಂದಲೇ ಕಲಕಿ, ಮತ್ತೆ ಓಡಿಸಿ. ಕೆಲವೇ ನಿಮಿಷಗಳಲ್ಲಿ ಮಿಶ್ರಣ ದಪ್ಪವಾಗುತ್ತದೆ. ಬ್ಲೆಂಡರ್ ಎತ್ತಿದಾಗ ಕೆಳಗೆ ಬಿದ್ದ ಹನಿ ಮೇಲ್ಮೈಯಲ್ಲಿ ಗೆರೆಯಾಗಿ ಕ್ಷಣಕಾಲ ನಿಂತರೆ ಹದ ಬಂತು. ಇದಕ್ಕೆ ಸೋಪು ಮಾಡುವವರು "ಟ್ರೇಸ್" ಎನ್ನುತ್ತಾರೆ. ಬ್ಲೆಂಡರ್ ಇಲ್ಲದೆ ಕೈಯಲ್ಲೇ ಕಲಕಬಹುದು, ಆದರೆ ತುಂಬಾ ಹೊತ್ತು ಹಿಡಿಯುತ್ತದೆ. ಅವಸರಪಟ್ಟು ಹದ ಬರುವ ಮೊದಲೇ ಸುರಿದರೆ ಎಣ್ಣೆ ಮೇಲೆ, ಕಾಸ್ಟಿಕ್ ನೀರು ಕೆಳಗೆ ಬೇರೆಯಾಗುತ್ತದೆ.

ಅಚ್ಚಿಗೆ ಸುರಿದ ಮೇಲೆ ಕಂಬಳಿ ಸುತ್ತಿಡಬೇಡಿ. ತೆಂಗಿನೆಣ್ಣೆ ಸೋಪು ತಾನೇ ಜಾಸ್ತಿ ಬಿಸಿಯಾಗುತ್ತದೆ, ಬಿರುಕು ಬಿಡಬಹುದು. ಬೇಗ ಗಟ್ಟಿಯೂ ಆಗುತ್ತದೆ. ಬಾರ್ ಬೇಕಿದ್ದರೆ 3-4 ಗಂಟೆ ಕಳೆದ ಮೇಲೆ ಒತ್ತಿ ನೋಡಿ. ಮೇಣದಷ್ಟು ಗಟ್ಟಿಯಾದ ಕೂಡಲೇ ಗ್ಲೌಸ್ ಹಾಕಿಕೊಂಡು ಕತ್ತರಿಸಿ. ಮರುದಿನಕ್ಕೆ ಬಿಟ್ಟರೆ ಚಾಕು ಇಟ್ಟಲ್ಲಿ ಒಡೆದು ಚೂರಾಗುತ್ತದೆ.

ಪುಡಿ ಮಾಡುವ ಯೋಚನೆ ಇದ್ದರೆ ಎರಡನೇ ದಿನವೇ ತುರಿಯಿರಿ, ಗ್ಲೌಸ್ ಹಾಕಿಕೊಂಡೇ. ಚಾಕುವಿಗೆ ಒಡೆದರೂ ಆಗ ಅದು ತುರಿಯುವಷ್ಟು ಮೆದು. ವಾರಗಳ ಮೇಲೆ ತುರಿಯಲು ಹೋದರೆ ಕಲ್ಲು ತುರಿದ ಹಾಗೆ, ಕೈ ಸೋಲುತ್ತದೆ. ತುರಿಯನ್ನು ತಟ್ಟೆಯಲ್ಲಿ ಹರಡಿ, ಗಾಳಿಯಾಡುವ ನೆರಳಿನಲ್ಲಿ ಎರಡು ವಾರ ಒಣಗಿಸಿ. ಬಾರ್ ಆದರೆ 4ರಿಂದ 6 ವಾರ ಬೇಕು.

ಸೋಪು ಸರಿಯಾಗಿದೆಯೇ

ನಾಲಿಗೆಗೆ ತಾಗಿಸಿ ನೋಡುವ ಹಳೆಯ ಪದ್ಧತಿ ಇದೆ. ಬೇಡ. ಕ್ಷಾರ ಎಷ್ಟಿದೆ ಎಂದು ಬಣ್ಣದಿಂದ ತೋರಿಸುವ ಪಿಎಚ್ ಪಟ್ಟಿ ತನ್ನಿ. ಸೋಪಿನ ಮೇಲೆ ಎರಡು ಹನಿ ಡಿಸ್ಟಿಲ್ಡ್ ವಾಟರ್ ಹಾಕಿ, ಉಜ್ಜಿ, ಆ ನೊರೆಗೆ ಪಟ್ಟಿ ಒತ್ತಿ. 9ರಿಂದ 10.5ರ ಒಳಗಿದ್ದರೆ ಸರಿ. 11 ದಾಟಿದರೆ ಇನ್ನೊಂದು ವಾರ ಬಿಟ್ಟು ಮತ್ತೆ ನೋಡಿ. ಆಗಲೂ ಇಳಿಯದಿದ್ದರೆ ಅಳತೆ ತಪ್ಪಿದೆ, ಆ ಸೋಪನ್ನು ಬಳಸಬೇಡಿ. ಸೋಪಿನ ಒಳಗೆ ದ್ರವದ ಗುಳಿ ಅಥವಾ ಬಿಳಿ ಹರಳು ಕಂಡರೂ ಹಾಗೆಯೇ, ಅದು ಸೇರದೆ ಉಳಿದ ಕಾಸ್ಟಿಕ್ ಇರಬಹುದು. ಹೊರಮೈಯಲ್ಲಿ ತೆಳ್ಳಗೆ ಬಿಳಿ ಪುಡಿ ಕೂತಿದ್ದರೆ ಚಿಂತೆ ಬೇಡ. ಕಾಸ್ಟಿಕ್ಕಿಗೆ ಗಾಳಿ ತಾಗಿ ಆಗುವ ವಾಷಿಂಗ್ ಸೋಡಾ ಅದು, ಒರೆಸಿದರೆ ಹೋಗುತ್ತದೆ.

ಎರಡನೇ ಸಲ ಮಾಡುವಾಗ, ನೀರು ಗಡಸಾಗಿದ್ದರೆ, ಒಂದು ಬದಲಾವಣೆ ಮಾಡಿ. ನೀರಿಗೆ ಮೊದಲು 10 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ, ಕಾಸ್ಟಿಕ್ಕನ್ನು 90ರ ಬದಲು 96 ಗ್ರಾಂ ಹಾಕಿ. ಆ 6 ಗ್ರಾಂ ಸಿಟ್ರಿಕ್ ಆಸಿಡ್ ಜೊತೆ ಸೇರಿ ಸೋಡಿಯಂ ಸಿಟ್ರೇಟ್ ಆಗುತ್ತದೆ. ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟು ಗಸಿ ಕಡಿಮೆ ಮಾಡುತ್ತದೆ. ಕಾಸ್ಟಿಕ್ ಏರಿಸದೆ ಬರೀ ಆಸಿಡ್ ಹಾಕಿದರೆ ಸೋಪಾಗದ ಎಣ್ಣೆ ಉಳಿಯುತ್ತದೆ.

ಒಗೆಯುವ ಪುಡಿ

ಒಣಗಿದ ಸೋಪಿನ ತುರಿಯನ್ನು ಮಿಕ್ಸರ್‌ನಲ್ಲಿ ಸ್ವಲ್ಪ ವಾಷಿಂಗ್ ಸೋಡಾ ಜೊತೆ ಪುಡಿ ಮಾಡಿ. ಸೋಡಾ ಜೊತೆಗಿದ್ದರೆ ಮುದ್ದೆ ಕಟ್ಟುವುದಿಲ್ಲ. ಮುಚ್ಚಳ ತೆಗೆಯುವ ಮೊದಲು ಧೂಳು ಕೂರಲಿ, ಮೂಗಿಗೆ ಹೋದರೆ ಉರಿಯುತ್ತದೆ. ಮೆದು ನೀರಿದ್ದರೆ ಎರಡು ಪಾಲು ಸೋಪಿಗೆ ಒಂದು ಪಾಲು ಸೋಡಾ. ಗಡಸು ನೀರಿದ್ದರೆ ಒಂದು ಪಾಲು ಸೋಪಿಗೆ ಎರಡು ಪಾಲು ಸೋಡಾ. ತೂಕದ ಲೆಕ್ಕ ಇದು.

ವಾಷಿಂಗ್ ಸೋಡಾ ಸಿಗದಿದ್ದರೆ ಅಡುಗೆ ಸೋಡಾದಿಂದ ಮಾಡಿಕೊಳ್ಳಬಹುದು. ಅಡುಗೆ ಸೋಡಾವನ್ನು ಸ್ಟೀಲ್ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಓವನ್‌ನಲ್ಲಿ 200 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿ. ನೀರಿನಂಶ ಮತ್ತು ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುತ್ತವೆ. 100 ಗ್ರಾಂ ಹಾಕಿದರೆ ಸುಮಾರು 63 ಗ್ರಾಂ ಉಳಿಯಬೇಕು. ತೂಗಿ ನೋಡಿದರೆ ಕೆಲಸ ಮುಗಿದಿದೆಯೋ ಇಲ್ಲವೋ ಗೊತ್ತಾಗುತ್ತದೆ, ಅಲ್ವಾ? ಅಡುಗೆ ಸೋಡಾವನ್ನೇ ನೇರವಾಗಿ ಪುಡಿಗೆ ಹಾಕುವ ವಿಧಾನಗಳೂ ಇವೆ. ಅದು ಮೆದು ಕ್ಷಾರ, ಗಡಸು ನೀರಿನ ಮುಂದೆ ಅದರ ಆಟ ನಡೆಯುವುದಿಲ್ಲ.

ಇಂಥ ಪುಡಿಗೆ ಕೆಲವರು ಸೇರಿಸುವ ಬೋರಾಕ್ಸ್ (ಬಿಳಿಗಾರ) ನಾನು ಹಾಕುವುದಿಲ್ಲ. ಸಂತಾನಶಕ್ತಿಗೆ ಹಾನಿ ಮಾಡಬಹುದಾದ ವಸ್ತು ಎಂದು ಯುರೋಪಿಯನ್ ಒಕ್ಕೂಟ ಅದನ್ನು ವರ್ಗೀಕರಿಸಿದೆ. ಅದಿಲ್ಲದೆಯೂ ಬಟ್ಟೆ ಚೊಕ್ಕಟವಾಗುತ್ತದೆ.

ಕೈಯಲ್ಲಿ ಒಗೆಯುವವರು ಒಂದು ಕ್ರಮ ಪಾಲಿಸಿ. 10 ಲೀಟರ್ ಬೆಚ್ಚಗಿನ ನೀರಿಗೆ ಮೊದಲು ಒಂದು ಟೀ ಚಮಚ ವಾಷಿಂಗ್ ಸೋಡಾ ಹಾಕಿ ಕರಗಿಸಿ. ಐದು ನಿಮಿಷ ಬಿಡಿ. ಸೋಡಾ ಕ್ಯಾಲ್ಸಿಯಂ ಅನ್ನು ಹಿಡಿದ ಮೇಲೆ ಸೋಪು ಹಾಕಿ. ಈ ಐದು ನಿಮಿಷವೇ ನನ್ನ ಬಟ್ಟೆಗಳನ್ನು ಉಳಿಸಿತು. ಕೈಗೆ ಗ್ಲೌಸ್ ಇರಲಿ, ಸೋಡಾ ಚರ್ಮವನ್ನು ಒಣಗಿಸುತ್ತದೆ.

ಮೆಷಿನ್‌ಗೆ 5-6 ಕಿಲೋ ಬಟ್ಟೆಗೆ ಒಂದು ದೊಡ್ಡ ಚಮಚ ಪುಡಿಯಿಂದ ಶುರು ಮಾಡಿ. ಸಾಲದಿದ್ದರೆ ಎರಡು. ತೆಂಗಿನೆಣ್ಣೆ ಸೋಪು ಜಾಸ್ತಿ ನೊರೆ ಕೊಡುತ್ತದೆ, ಮುಂದಿನಿಂದ ಬಟ್ಟೆ ಹಾಕುವ ಮೆಷಿನ್‌ಗಳಿಗೆ ಅಷ್ಟು ನೊರೆ ಆಗುವುದಿಲ್ಲ. ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ ಹಾಕಿ, 40 ಡಿಗ್ರಿಯಲ್ಲಿ ಒಗೆಯಿರಿ. ತಿಂಗಳಿಗೊಮ್ಮೆ ಬಟ್ಟೆಯಿಲ್ಲದೆ ಬಿಸಿನೀರಿನಲ್ಲಿ ಮೆಷಿನ್ ಓಡಿಸಿ, ಒಳಗಿನ ಗಸಿ ಹೋಗಲಿ. ಮನೆಯಲ್ಲಿ ಮಾಡಿದ ಸೋಪು ಬಳಸಿದರೆ ವಾರಂಟಿಗೆ ತೊಂದರೆಯೇ ಎಂದು ಮೆಷಿನ್ ಜೊತೆ ಬಂದ ಕೈಪಿಡಿಯಲ್ಲಿ ನೋಡಿಕೊಳ್ಳಿ.

ಉಣ್ಣೆ, ರೇಷ್ಮೆಗೆ ಈ ಪುಡಿ ಬೇಡ. ಅವು ಪ್ರೋಟೀನ್ ನಾರುಗಳು, ಕ್ಷಾರ ಅವನ್ನು ತಿನ್ನುತ್ತದೆ. ಅವಕ್ಕೆ ಅಂಟುವಾಳದ ನೀರು ಒಳ್ಳೆಯದು. ಬೀಜ ತೆಗೆದ ಐದಾರು ಅಂಟುವಾಳದ ಸಿಪ್ಪೆಯನ್ನು ಅರ್ಧ ಲೀಟರ್ ನೀರಿನಲ್ಲಿ 15 ನಿಮಿಷ ಕುದಿಸಿ ಸೋಸಿ. ಆರಿದ ಮೇಲೆ ಒಗೆಯುವ ನೀರಿಗೆ ಬೆರೆಸಿ. ಅದರಲ್ಲಿರುವ ಸ್ಯಾಪೊನಿನ್ ಎಂಬ ನೊರೆ ಕೊಡುವ ವಸ್ತು ಗಡಸು ನೀರಿನಲ್ಲಿ ಗಸಿ ಕಟ್ಟುವುದಿಲ್ಲ. ಆದರೆ ಶಕ್ತಿ ಕಡಿಮೆ, ಎಣ್ಣೆ ಕಲೆ ಹೋಗುವುದಿಲ್ಲ. ಎರಡು ಮೂರು ದಿನದಲ್ಲಿ ಕೆಟ್ಟು ವಾಸನೆ ಬರುತ್ತದೆ, ಹಾಗಾಗಿ ಬೇಕಾದಷ್ಟೇ ಮಾಡಿ. ಕೆರೆ, ಹಳ್ಳಕ್ಕೆ ಚೆಲ್ಲಬೇಡಿ. ಸ್ಯಾಪೊನಿನ್ ಮೀನಿಗೆ ವಿಷ.

ರಕ್ತದ ಕಲೆಗೆ ಮೊದಲು ತಣ್ಣೀರು, ಬಿಸಿ ತಾಗಿದರೆ ಗಟ್ಟಿಯಾಗಿ ಕೂರುತ್ತದೆ. ಎಣ್ಣೆ ಕಲೆಗೆ ಒಣ ಸೋಪಿನ ಬಾರ್ ಉಜ್ಜಿ ಹತ್ತು ನಿಮಿಷ ಬಿಡಿ. ಹತ್ತಿಯ ಬಿಳಿ ಬಟ್ಟೆಗೆ ಸೋಡಿಯಂ ಪರ್ಕಾರ್ಬೊನೇಟ್ ಚೆನ್ನಾಗಿ ಕೆಲಸ ಮಾಡುತ್ತದೆ. ನೀರಿನಲ್ಲಿ ಅದು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ವಾಷಿಂಗ್ ಸೋಡಾ ಆಗಿ ಒಡೆಯುತ್ತದೆ. 40 ಡಿಗ್ರಿ ಮೇಲಿನ ನೀರು ಬೇಕು. ಅಂಗಡಿಯ ಪುಡಿಯ ಹೊಳಪು ಇದರಿಂದ ಬರುವುದಿಲ್ಲ, ಅದನ್ನು ಮೊದಲೇ ಹೇಳುತ್ತೇನೆ. ಆ ಹೊಳಪಿನಲ್ಲಿ ಒಂದು ಪಾಲು ಆಪ್ಟಿಕಲ್ ಬ್ರೈಟ್ನರ್‌ಗಳದ್ದು. ಅವು ಬಟ್ಟೆಯಲ್ಲೇ ಉಳಿದು, ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ನೀಲಿ ಬೆಳಕಾಗಿ ಮಾಡಿ ಕೊಡುತ್ತವೆ. ಕಣ್ಣಿಗೆ ಹೆಚ್ಚು ಬಿಳಿ ಕಾಣುತ್ತದೆ, ಕೊಳೆ ಹೋಗುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ವಿನೆಗರ್ ಎಲ್ಲಿ, ಯಾವಾಗ

ಇಲ್ಲಿ ತುಂಬಾ ಜನ ಎಡವುತ್ತಾರೆ. ಸೋಪಿನ ನೀರಿಗೇ ವಿನೆಗರ್ ಹಾಕಿದರೆ ಸೋಪು ಒಡೆದು ಮತ್ತೆ ಜಿಡ್ಡಾಗುತ್ತದೆ, ಬಟ್ಟೆಗೆ ಅಂಟುತ್ತದೆ. ಅಡುಗೆ ಸೋಡಾ ಮತ್ತು ವಿನೆಗರ್ ಸೇರಿಸಿದರೆ ನೊರೆ ಉಕ್ಕುವುದು ನೋಡಲು ಚೆಂದ, ಆದರೆ ಉಳಿಯುವುದು ಹೆಚ್ಚು ಕಡಿಮೆ ಉಪ್ಪು ನೀರು. ಸಿಟ್ರಿಕ್ ಆಸಿಡ್ ಅನ್ನು ಒಗೆಯುವ ಪುಡಿಗೆ ಬೆರೆಸಿದರೂ ಸೋಡಾದ ಶಕ್ತಿ ಅಷ್ಟು ಕಡಿಮೆಯಾಗುತ್ತದೆ.

ಸೋಪು ಪೂರ್ತಿ ಜಾಲಾಡಿ ಹೋದ ಮೇಲೆ, ಕೊನೆಯ ನೀರಿಗೆ ಮಾತ್ರ ಆಮ್ಲ ಹಾಕಿ. ಒಂದು ಲೀಟರ್ ನೀರಿಗೆ 100 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿಟ್ಟುಕೊಳ್ಳಿ. ಅದರಲ್ಲಿ 50 ಮಿಲಿ, ಕೊನೆಯ ಜಾಲಾಟಕ್ಕೆ ಸಾಕು. ಫ್ಯಾಬ್ರಿಕ್ ಸಾಫ್ಟ್‌ನರ್ ಬೇಕಾಗುವುದೇ ಇಲ್ಲ. ಸಾಫ್ಟ್‌ನರ್ ನೂಲಿನ ಮೇಲೆ ತೆಳು ಪದರ ಬಿಡುತ್ತದೆ, ಟವೆಲ್ ನೀರು ಹೀರುವುದು ಅದರಿಂದಲೇ ಕಡಿಮೆಯಾಗುತ್ತದೆ.

ಈಗಾಗಲೇ ಬಿರುಸಾದ ಹತ್ತಿ ಟವೆಲ್ ಇದ್ದರೆ, ಬಿಸಿನೀರಿಗೆ ಎರಡು ದೊಡ್ಡ ಚಮಚ ವಾಷಿಂಗ್ ಸೋಡಾ ಹಾಕಿ ಕೆಲವು ಗಂಟೆ ನೆನೆಸಿ. ನೀರು ಕದಡುವುದು ಕಾಣುತ್ತದೆ. ಚೆನ್ನಾಗಿ ಜಾಲಾಡಿ, ಆಮೇಲೆ ಸಿಟ್ರಿಕ್ ನೀರು. ನನ್ನವು ಎರಡು ಸಲಕ್ಕೆ ಮೆತ್ತಗಾದವು.

ಮನೆಯ ಉಳಿದ ಬಾಟಲಿಗಳು

ಎಲ್ಲವನ್ನೂ ಒಂದೇ ದಿನ ಎಸೆಯುವುದು ಬೇಡ. ಇರುವುದನ್ನು ಮುಗಿಸಿ, ಮತ್ತೆ ತರಬೇಡಿ. ಮೊದಲು ಬಿಡಬಹುದಾದದ್ದು ರೂಮ್ ಫ್ರೆಶ್‌ನರ್. ವಾಸನೆ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ಅದನ್ನು ತೆಗೆದು, ಕಿಟಕಿ ತೆರೆದರೆ ಮುಗಿಯಿತು. ನೆಲಕ್ಕೆ ಒಂದು ಬಕೆಟ್ ಬಿಸಿನೀರಿಗೆ ಒಂದು ಚಮಚ ಸೋಪಿನ ಪುಡಿ ಸಾಕು. ಕೆಟಲ್, ನಲ್ಲಿಯ ಬಿಳಿ ಕಲೆಗೆ ಸಿಟ್ರಿಕ್ ನೀರು, ಬೆಚ್ಚಗಿರಲಿ, ಕುದಿಯುವುದು ಬೇಡ. ಅಮೃತಶಿಲೆಯ ಮೇಲೆ ಮಾತ್ರ ಯಾವ ಆಮ್ಲವನ್ನೂ ಹಾಕಬೇಡಿ, ಹೊಳಪು ಹೋಗುತ್ತದೆ.

ಬ್ಲೀಚ್ ವಿಷಯದಲ್ಲಿ ನನ್ನ ಅಭಿಪ್ರಾಯ ಹೀಗಿದೆ: ದಿನನಿತ್ಯಕ್ಕೆ ಬೇಡ, ಆದರೆ ಮನೆಯಲ್ಲಿ ಯಾರಿಗಾದರೂ ವಾಂತಿಭೇದಿ ಆದಾಗ ವಿನೆಗರ್ ನಂಬಿ ಕೂರಬೇಡಿ. ಮೊದಲು ಸೋಪಿನಿಂದ ತೊಳೆದು, ಆ ಸೋಪು ಪೂರ್ತಿ ಹೋದ ಮೇಲೆ, ಶೇಕಡಾ 5ರ ಬ್ಲೀಚ್ 20 ಮಿಲಿಯನ್ನು ಒಂದು ಲೀಟರ್ ನೀರಿಗೆ ಬೆರೆಸಿ ಒರೆಸಿ, ಹತ್ತು ನಿಮಿಷ ಹಸಿಯಾಗಿಯೇ ಬಿಡಿ. ಬ್ಲೀಚ್ ಜೊತೆ ವಿನೆಗರ್ ಅಥವಾ ಸಿಟ್ರಿಕ್ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಅಮೋನಿಯಾ ಸೇರಿದರೆ ಕ್ಲೋರಮಿನ್. ಎರಡೂ ಶ್ವಾಸಕೋಶಕ್ಕೆ ಅಪಾಯ. ಬ್ಲೀಚಿಗೆ ಬರೀ ನೀರು, ಬೇರೇನೂ ಬೇಡ. ಮನೆಯಲ್ಲಿ ಮಾಡಿಟ್ಟ ಪ್ರತಿ ಬಾಟಲಿ, ಡಬ್ಬಿಯ ಮೇಲೂ ಒಳಗೆ ಏನಿದೆ, ಯಾವತ್ತು ಮಾಡಿದ್ದು ಎಂದು ಬರೆದು ಅಂಟಿಸಿ. ಕುಡಿಯುವ ನೀರಿನ ಹಳೆಯ ಬಾಟಲಿಗೆ ಇವನ್ನು ಯಾವತ್ತೂ ತುಂಬಬೇಡಿ. ಕಾಸ್ಟಿಕ್ ಉಳಿದಿದ್ದರೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಬೀಗ ಹಾಕುವ ಜಾಗದಲ್ಲಿ ಇಡಿ. ಗಾಳಿಯ ತೇವ ಹೀರಿ ಅದರ ಶಕ್ತಿ ಕುಗ್ಗುತ್ತದೆ, ಆಗ ತೂಕದ ಲೆಕ್ಕ ತಪ್ಪುತ್ತದೆ.

ಒಗೆದ ನೀರನ್ನು ಗಿಡಕ್ಕೆ ಹಾಕಬಹುದೇ ಎಂದು ಕೇಳುತ್ತಾರೆ. ಸೋಪು ಮಣ್ಣಿನಲ್ಲಿ ಬೇಗ ಕರಗಿ ಹೋಗುತ್ತದೆ, ಸೋಡಿಯಂ ಹೋಗುವುದಿಲ್ಲ. ಮೊದಲ ತೊಳೆತದ ನೀರಿನಲ್ಲಿ ಸೋಡಾ ಜಾಸ್ತಿ ಇರುತ್ತದೆ, ಅದನ್ನು ಚರಂಡಿಗೇ ಬಿಡಿ. ಕೊನೆಯ ಜಾಲಾಟದ ನೀರನ್ನು ಜಾಗ ಬದಲಿಸುತ್ತಾ ದೊಡ್ಡ ಮರಗಳ ಬುಡಕ್ಕೆ ಹಾಕಬಹುದು. ಕುಂಡದ ಗಿಡಗಳಿಗೆ, ಹಸಿಯಾಗಿ ತಿನ್ನುವ ಸೊಪ್ಪಿಗೆ ಮಾತ್ರ ಬೇಡ.